ಮುಂಬೈಯ ನಲ್ಲಿ ನೀರಿಗೆ ಯುವಿ ಫಿಲ್ಟರ್: ಹಲವು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಬಳಕೆಯ ಜಾಗ ಮುಲುಂಡ್‌ನ ಒಂದು ಹಳೆಯ ಸೊಸೈಟಿ. ಯಂತ್ರ ಗೋಡೆಗೆ ನೇತುಹಾಕುವಂಥದ್ದು, ಆರ್‌ಓ (ಕರಗಿದ ಲವಣ ಸೋಸುವ ಪೊರೆ) ಇಲ್ಲ. ಒಳಗಿರುವುದು ಮೂರೇ ಭಾಗ: ಮಣ್ಣಿನ ಕಣ ತಡೆಯುವ 5 ಮೈಕ್ರಾನಿನ ಸೆಡಿಮೆಂಟ್ ಕ್ಯಾಂಡಲ್, ಕಾರ್ಬನ್ ಬ್ಲಾಕ್, ನೇರಳಾತೀತ ಬೆಳಕಿನಿಂದ ಕ್ರಿಮಿ ಕೊಲ್ಲುವ 11 ವ್ಯಾಟಿನ ಯುವಿ ಟ್ಯೂಬ್. ನೀರು ತುಂಬಿಡುವ ಟ್ಯಾಂಕ್ ಇಲ್ಲ, ನಲ್ಲಿ ತಿರುಗಿಸಿದಾಗಲೇ ಶುದ್ಧವಾಗಿ ಬರುತ್ತದೆ. ಪಾಲಿಕೆಯ ನೀರು ಬರುವ ಮನೆಗೆ ಇಷ್ಟು ಧಾರಾಳ ಸಾಕು. ಇಲ್ಲಿ ಆರ್‌ಓ ಹಾಕಿಸುವುದು ದುಡ್ಡು ದಂಡ.

ಊರಿನಿಂದ ಫೋನ್ ಮಾಡುವ ನೆಂಟರು ಇದನ್ನು ಒಪ್ಪುವುದಿಲ್ಲ. ಕೋಲಾರ, ರಾಯಚೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಗಡಸುತನ ಇದೆ. ಅಲ್ಲಿ ಆರ್‌ಓ ಬೇಕು, ಸರಿ. ಮುಂಬೈಗೆ ಬರುವುದು ಏಳು ಕೆರೆಗಳ ಮಳೆನೀರು. ವಿಹಾರ್, ತುಳಸಿ ಊರೊಳಗೇ ಇವೆ. ತಾನ್ಸಾ, ಭಾತ್ಸಾ, ಮೋಡಕ್ ಸಾಗರ, ಮೇಲಿನ ಮತ್ತು ಮಧ್ಯ ವೈತರಣಾ ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳ ಕಾಡುಬೆಟ್ಟಗಳ ನಡುವೆ. ಬಹುಪಾಲು ನೀರು ಭಾಂಡುಪ್ ಇಲ್ಲವೇ ಪಾಂಜರಾಪುರದ ಶುದ್ಧೀಕರಣ ಘಟಕದಲ್ಲಿ ಕೆಸರು ಇಳಿಸಿಕೊಂಡು, ಮರಳಿನಲ್ಲಿ ಸೋಸಿಕೊಂಡು, ಕ್ಲೋರಿನ್ ಸೇರಿಸಿಕೊಂಡು ಹೊರಡುತ್ತದೆ. ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣದ ಮಿಲಿಗ್ರಾಂ ಲೆಕ್ಕ, ಸಾಮಾನ್ಯವಾಗಿ 100ರ ಆಸುಪಾಸು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500, 500ರವರೆಗೆ ಅಡ್ಡಿಯಿಲ್ಲ ಎನ್ನುತ್ತದೆ. ಆರ್‌ಓ ತೆಗೆಯುವುದು ಕರಗಿದ ಲವಣವನ್ನು. ಇಲ್ಲದ್ದನ್ನು ತೆಗೆಯಲು ಒಂದು ಲೀಟರಿಗೆ ಸುಮಾರು ಮೂರು ಲೀಟರ್ ಮೋರಿಗೆ ಸುರಿಯಬೇಕು.

ಮಾರಾಟಗಾರ ಎರಡು ಲೋಟಗಳಿಗೆ ಕಡ್ಡಿ ಇಳಿಸಿ ಕರೆಂಟ್ ಕೊಟ್ಟಾಗ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದು ನೀರಿನ ಕೊಳೆ ಅಲ್ಲ. ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾದದ್ದು. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಹೆಚ್ಚು ಹರಿಯುವುದಿಲ್ಲ, ಹಾಗಾಗಿ ತಿಳಿಯಾಗಿಯೇ ಉಳಿಯುತ್ತದೆ. ಟಿಡಿಎಸ್ ಮೀಟರೂ ಅಷ್ಟೇ: ಅದಕ್ಕೆ ಕ್ರಿಮಿ ಕಾಣುವುದಿಲ್ಲ. ಚರಂಡಿ ನೀರು ಸ್ವಲ್ಪ ಬೆರೆತರೂ ಅಂಕಿ ಹೆಚ್ಚೇನೂ ಏರುವುದಿಲ್ಲ.

ನಿಜವಾದ ತೊಂದರೆ ಶುರುವಾಗುವುದು ಭಾಂಡುಪ್ ದಾಟಿದ ಮೇಲೆ. ದಿನಕ್ಕೆ ಕೆಲವೇ ಗಂಟೆ ನೀರು. ಉಳಿದ ಹೊತ್ತು ಪೈಪ್ ಖಾಲಿ, ಒತ್ತಡವಿಲ್ಲ. ಬಿರುಕಿದ್ದಲ್ಲಿ ಪಕ್ಕದ ಗಟಾರದ ನೀರು ಒಳಗೆ ಜಿನುಗುತ್ತದೆ. ಮೇನ್ ಲೈನಿಗೇ ಪಂಪ್ ಹಚ್ಚಿ ಎಳೆಯುವವರಿದ್ದರೆ ಇನ್ನೂ ಹೆಚ್ಚು. ನೀರು ಬಿಟ್ಟಾಗಿನ ಮೊದಲ ಬಕೆಟ್ ನೆಲ ಒರೆಸಲು ಹೋಗಲಿ. ಆಮೇಲೆ ಸೊಸೈಟಿಯ ಭೂಗತ ಟಾಂಕಿ. ಅದರ ಮ್ಯಾನ್‌ಹೋಲ್ ಅಂಗಳದ ನೆಲಕ್ಕೆ ಸಮನಾಗಿದ್ದರೆ ಜುಲೈ ಮಳೆಯಲ್ಲಿ ಅಂಗಳದ ನೀರೆಲ್ಲ ಒಳಗೆ. ಕಟ್ಟೆ ಕನಿಷ್ಠ ಅರ್ಧ ಅಡಿ ಎತ್ತರವಿರಬೇಕು, ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಇರಬೇಕು, ಆರು ತಿಂಗಳಿಗೊಮ್ಮೆ ತೊಳೆಸಬೇಕು. ಫಿಲ್ಟರಿಗೆ ದುಡ್ಡು ಹಾಕುವ ಮುನ್ನ ಇದರ ಬಗ್ಗೆ ಸೆಕ್ರೆಟರಿಯ ಬೆನ್ನು ಹತ್ತಿ. ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ನಲ್ಲಿ ನೀರು ತಿಳಿಹಳದಿ ತೋರಿಸಬೇಕು, ಲೀಟರಿಗೆ 0.2 ಮಿಲಿಗ್ರಾಂ ಇದ್ದರೆ ಸಾಕು. ಬೀದಿಯ ನಲ್ಲಿಯಲ್ಲಿ ಹಳದಿ ಬಂದು ಅಡುಗೆಮನೆಯ ಫಿಲ್ಟರ್ ಆಗದ ನೀರಿನಲ್ಲಿ ಬಣ್ಣವೇ ಬಾರದಿದ್ದರೆ ದೋಷ ಟಾಂಕಿಯಲ್ಲೇ ಇದೆ.

ಯಂತ್ರದ ವಿಷಯ. ಯುವಿ ಬೆಳಕು ಕ್ರಿಮಿಗೆ ತಗುಲಬೇಕಾದರೆ ನೀರು ತಿಳಿಯಾಗಿರಬೇಕು, ಕದಡಿದ ನೀರಿನಲ್ಲಿ ಕ್ರಿಮಿ ಮಣ್ಣಿನ ಕಣದ ಮರೆಯಲ್ಲಿ ಬಚಾವಾಗುತ್ತದೆ. ಹಾಗಾಗಿ ಈ ಯಂತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಅತಿ ಅಗ್ಗದ ಸೆಡಿಮೆಂಟ್ ಕ್ಯಾಂಡಲ್. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಿಳಿಯಾಗಿರುವ ಅದು ಮಳೆ ಹಿಡಿದರೆ ಬೇಗನೆ ಚಹಾ ಬಣ್ಣಕ್ಕೆ ಬರುತ್ತದೆ. ಹೊರಗೊಂದು 10 ಇಂಚಿನ ಪ್ರೀಫಿಲ್ಟರ್ ಹಾಕಿಕೊಂಡರೆ ಒಳಗಿನದಕ್ಕೆ ಆಯುಷ್ಯ. ಪಾರದರ್ಶಕ ಬಟ್ಟಲಾದರೆ ಕಿಟಕಿಯ ಬಿಸಿಲು ಬೀಳದ ಕಡೆ ಇಡಿ, ಇಲ್ಲದಿದ್ದರೆ ಪಾಚಿ. ಬಟ್ಟಲ ಅಂಚಿನಿಂದ ತೊಟ್ಟಿಕ್ಕಿದರೆ ಇನ್ನಷ್ಟು ಬಿಗಿಮಾಡಬೇಡಿ, ಬಿಚ್ಚಿ ನೋಡಿ: ಓ-ರಿಂಗ್ ಒಣಗಿ ತಿರುಚಿಕೊಂಡಿರುತ್ತದೆ. ಒರೆಸಿ, ಸಿಲಿಕೋನ್ ಗ್ರೀಸ್ ಸವರಿ, ಕೈಯಲ್ಲೇ ತಿರುಗಿಸಿದರೆ ಸಾಕು.

ಟ್ಯೂಬಿನ ಮೋಸ ಗೊತ್ತಿರಲಿ. ಸುಮಾರು 8–9 ಸಾವಿರ ಗಂಟೆ ಉರಿದ ಮೇಲೂ ನೀಲಿ ಬೆಳಕು ಕಾಣುತ್ತಲೇ ಇರುತ್ತದೆ, ಕ್ರಿಮಿ ಕೊಲ್ಲುವ 254 ನ್ಯಾನೋಮೀಟರ್ ಕಿರಣ ಮಾತ್ರ ಕುಗ್ಗಿರುತ್ತದೆ. ಸದಾ ಉರಿಯುವ ಮಾದರಿಯಾದರೆ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಟ್ಯೂಬ್ ಸುತ್ತಲಿನ ಕ್ವಾರ್ಟ್ಜ್ ಗಾಜಿಗೆ ಹಳೆಯ ಪೈಪಿನ ತುಕ್ಕು ತೆಳ್ಳಗೆ ಅಂಟುತ್ತದೆ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಮೆತ್ತಗಿನ ಬಟ್ಟೆ ಅದ್ದಿ ಒರೆಸಬೇಕು. ಸರ್ವಿಸಿಗೆ ಬರುವವರು ಕ್ಯಾಂಡಲ್ ಬದಲಿಸಿ ರಸೀದಿ ಕೊಟ್ಟು ಹೊರಟುಬಿಡುತ್ತಾರೆ, ಈ ಗಾಜನ್ನು ಮುಟ್ಟುವುದೇ ಇಲ್ಲ. ಕರೆದು ಮಾಡಿಸಬೇಕು.

ಕಾರ್ಬನ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ಜೊತೆಗೆ ಕ್ಲೋರಿನ್ನಿನ ಕಾವಲನ್ನೂ. ಆದ್ದರಿಂದ ಫಿಲ್ಟರ್ ನೀರನ್ನು ದಿನಗಟ್ಟಲೆ ಹಂಡೆಯಲ್ಲಿಟ್ಟು ಲೋಟ ಅದ್ದಿ ಕುಡಿದರೆ ಯಂತ್ರದ ಕೆಲಸವೆಲ್ಲ ನೀರುಪಾಲು. ನಲ್ಲಿ ಇರುವ ಪಾತ್ರೆ, ಅಂದಂದಿನ ನೀರು. ಊರಿಗೆ ಹೋಗಿ ಬಂದ ಮೇಲೆ ಕೆಲವು ಲೀಟರ್ ಸುಮ್ಮನೆ ಹರಿಯಬಿಡಿ. ಕರೆಂಟ್ ಇಲ್ಲದಾಗ ನೀರು ಬಿಡದೆ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಇರುವ ಮಾದರಿಯನ್ನೇ ಕೊಳ್ಳಿ; ಅಂಥ ಹೊತ್ತಿಗೆ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿದರೆ ಆಯಿತು.

ಇದು ಯಾರಿಗೆ ಬೇಡ? ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬೆರೆಸುವ ಸೊಸೈಟಿಗಳಿಗೆ. ಪುಣೆಯ ಹೊರವಲಯದ ಹೊಸ ಕಟ್ಟಡಗಳಲ್ಲಿ ಇದು ಮಾಮೂಲಿ, ಮುಂಬೈಯ ಕಡಲ ಬದಿಯ ಬೋರ್‌ವೆಲ್‌ಗಳಲ್ಲಿ ಉಪ್ಪೂ ಇರುತ್ತದೆ. ಅಲ್ಲಿ ನೀರನ್ನು ಲ್ಯಾಬಿಗೆ ಕೊಟ್ಟು, ಟಿಡಿಎಸ್ 500 ದಾಟಿದರೆ ಆರ್‌ಓ ತನ್ನಿ. ಅನುಮಾನವಿದ್ದವರು ನೀರಿನಲ್ಲಿ ಕೊಳೆಯ ಕ್ರಿಮಿ ಇದೆಯೇ ಎಂದು ತೋರಿಸುವ ಒಂದು ಎಚ್‌ಟುಎಸ್ ಪರೀಕ್ಷಾ ಬಾಟಲಿ ತಂದು, ಫಿಲ್ಟರಿನ ನೀರನ್ನು ಗುರುತಿನವರೆಗೆ ತುಂಬಿ, ಮುಚ್ಚಳ ಹಾಕಿ ಕಪಾಟಿನಲ್ಲಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮೊದಲು ಟ್ಯೂಬ್, ಆಮೇಲೆ ಟಾಂಕಿ ನೋಡಿಸಿ.