ಈಜು ಬರದವರಿಗೂ ನೇತ್ರಾಣಿಯ ಸ್ಕೂಬಾ
ನನಗೆ ಈಜು ಬರುವುದಿಲ್ಲ. ಕೆಲಸ ಹೋಗಿ ಮನೆಯಲ್ಲಿ ಬರೀ ಸಾಲದ ಮಾತೇ ನಡೆಯುತ್ತಿದ್ದ ಸಮಯದಲ್ಲಿ ತಂಗಿಯೇ ದುಡ್ಡು ಕಟ್ಟಿ ಸ್ಕೂಬಾಕ್ಕೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಮುಳುಗಿ ನೋಡುವುದಕ್ಕೆ, ಮುರುಡೇಶ್ವರಕ್ಕೆ ಕರೆದುಕೊಂಡು ಹೋದಳು. ನೇತ್ರಾಣಿ ದ್ವೀಪ ಅಲ್ಲಿನ ದಡದಿಂದ ಸುಮಾರು 19 ಕಿ.ಮೀ. ದೂರ, ದೋಣಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ತಾಸು. ಮೊದಲೇ ಆರೋಗ್ಯದ ಫಾರ್ಮ್ ತುಂಬಿಸಿ ಕೈಸನ್ನೆ ಕಲಿಸುತ್ತಾರೆ. ಕಿವಿ ನೋವಾದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು, ಉಸಿರು ಮಾತ್ರ ಯಾವತ್ತೂ ಕಟ್ಟಬಾರದು.

ದೋಣಿಯ ಅಂಚಿನಲ್ಲಿ ಕೂತು, ಸಮುದ್ರಕ್ಕೆ ಬೆನ್ನು ಹಾಕಿ, ಏನೂ ಕಾಣದೆ ಹಿಂದಕ್ಕೆ ಬೀಳಬೇಕಲ್ಲ, ಅಲ್ಲಿ ನನ್ನ ಕೈಕಾಲು ತಣ್ಣಗಾಯಿತು. ತರಬೇತಿಯ ಹುಡುಗ ಒಂಚೂರೂ ಅವಸರ ಮಾಡಲಿಲ್ಲ. "ಅಕ್ಕಾ, ಕೈ ಬಿಡೂದಿಲ್ಲ, ಉಸಿರಾಡ್ತಾ ಇರಿ ಸಾಕು" ಅಂದ, ಕೊನೆಯವರೆಗೂ ಬಿಡಲೇ ಇಲ್ಲ. ನಂಬಿ ಬಿದ್ದೆ. ಕೆಳಗೆ ಹವಳ, ಬಣ್ಣದ ಗಿಳಿಮೀನು, ನನ್ನದೇ ಉಸಿರಿನ ಸದ್ದು. ಎಷ್ಟೋ ತಿಂಗಳ ಮೇಲೆ ತಲೆಯಲ್ಲಿ ಸಾಲದ ಲೆಕ್ಕ ನಿಂತಿತು. ಊರಿಗೆ ಬಂದವಳೇ, ಮುಂದೂಡುತ್ತಲೇ ಇದ್ದ ಹೊಲಿಗೆ ಅಂಗಡಿಗೆ ಜಾಗ ನೋಡಲು ಹೋದೆ. ನಡೆಯುತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ, ಆದರೆ ಮುಂಗಡ ಕೊಟ್ಟಾಗಿದೆ.

ಹೆಂಗಸರಿಗೆ ಬಟ್ಟೆ ಬದಲಿಸಲು ದೋಣಿಯಲ್ಲಿ ಸರಿಯಾದ ಜಾಗ ಇಲ್ಲ, ಇದನ್ನು ಅವರು ಸರಿ ಮಾಡಲೇಬೇಕು. ಮಳೆಗಾಲದಲ್ಲಿ ಡೈವಿಂಗ್ ಬಂದ್. ಆಸ್ತಮಾ ಇದ್ದವರು ಮೊದಲು ಡಾಕ್ಟರನ್ನು ಕೇಳಿ.