ಕ್ರ್ಯಾಂಕ್‌ಕೇಸ್ ಹೊಗೆ: ಕೆಳಕ್ಕೆ ಬಿಡುವ ಪೈಪೋ, ಕ್ಯಾಚ್ ಕ್ಯಾನೋ?

ಡೀಸೆಲ್ ಟ್ರಕ್ಕಿನ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ತಳದ ಪೆಟ್ಟಿಗೆ) ಬರುವ ಬ್ಲೋಬೈ ಗಾಳಿ ಆಯಿಲ್ ಮಂಜನ್ನೂ ಹೊತ್ತು ತರುತ್ತದೆ. ಅದು ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದ ಇನ್‌ಟೇಕ್‌ಗೆ ಸೇರಿದರೆ, ಆ ಗಾಳಿ ತಣಿಸುವ ಇಂಟರ್‌ಕೂಲರ್‌ವರೆಗೂ ಜಿಡ್ಡು.

ಈ ಗಾಳಿ ಹೊರಬರುವ ಹೋಸನ್ನು ಚಾಸಿಯ ಕೆಳಕ್ಕೆ ಬಿಡುವುದು ಅಗ್ಗ: ಒಂದು ಹೋಸ್, ನಾಲ್ಕು ಕ್ಲಾಂಪ್, ಹೋಸ್ ಮೊದಲು ಸೇರುತ್ತಿದ್ದ ಇನ್‌ಟೇಕ್ ಕಡೆಯ ತೂತಿಗೆ ಒಂದು ಬಿಗಿ ಮುಚ್ಚಳ. ಮುಚ್ಚಳ ಸಡಿಲವಾದರೆ ಫಿಲ್ಟರ್ ದಾಟದ ಧೂಳು ನೇರ ಟರ್ಬೋಗೆ. ಹೋಸಿನ ಒಳವ್ಯಾಸ ಮೂಲ ಬಾಯಿಗಿಂತ ಕಿರಿದಾಗಬಾರದು, ಉದ್ದಕ್ಕೂ ಇಳಿಜಾರಿರಲಿ. ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು, ಚಳಿಯಲ್ಲಿ ಹೆಪ್ಪುಗಟ್ಟಿ, ಒತ್ತಡ ಏರಿ ಸೀಲುಗಳಿಂದ ಆಯಿಲ್ ಚಿಮ್ಮುತ್ತದೆ. ತುದಿ ಎಕ್ಸಾಸ್ಟ್‌ನಿಂದ ದೂರವಿರಲಿ. ನಿಂತಾಗ ಕ್ಯಾಬಿನ್ನಿಗೆ ವಾಸನೆ, ನೆಲಕ್ಕೆ ತೊಟ್ಟು ಖಚಿತ. ಹೊಗೆ ನಿಯಮ ಕಟ್ಟುನಿಟ್ಟಾಗಿರುವ ಕಡೆ ಇದು ಕಾನೂನುಬಾಹಿರ.

ಕ್ಯಾಚ್ ಕ್ಯಾನ್ ಎಂಬ ಡಬ್ಬಿ ಆಯಿಲನ್ನು ಹಿಡಿದು, ಗಾಳಿಯನ್ನು ಮತ್ತೆ ಇನ್‌ಟೇಕ್‌ಗೇ ಕಳಿಸುತ್ತದೆ. ಒಳಗೆ ತುಂಬಲು ಸ್ಟೀಲ್ ವುಲ್ ಬೇಡವೇ ಬೇಡ, ಅದರ ಎಳೆ ಬಿಟ್ಟು ಟರ್ಬೋ ಬ್ಲೇಡಿಗೆ ಹೋಗುತ್ತದೆ; ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸುರುಳಿಯನ್ನು ಜಾಲರಿಯ ಹಿಂದೆ ಭದ್ರವಾಗಿಡಿ. ಖಾಲಿ ಮಾಡಲು ಮರೆತರೆ ತುಂಬಿದ ಆಯಿಲನ್ನು ಎಂಜಿನ್ ಹೀರಿಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಓಡಬಹುದು. ಮೊದಮೊದಲು ವಾರಕ್ಕೊಮ್ಮೆ ನೋಡಿ.

ಎರಡರಲ್ಲೂ ಸಾಮಾನ್ಯ ತಪ್ಪು ಹೋಸಿನದು. ನೀರಿನ ಹೀಟರ್ ಹೋಸ್ ಆಯಿಲ್ ತಾಗಿ ಉಬ್ಬಿ ಮೆತ್ತಗಾಗುತ್ತದೆ, ಪಾರದರ್ಶಕ ವಿನೈಲ್ ಬಿಸಿಗೆ ಚಪ್ಪಟೆಯಾಗುತ್ತದೆ, ಪಿವಿಸಿ ಪೈಪ್ ಎಂಜಿನ್ ಪಕ್ಕ ಬಾಗುತ್ತದೆ. ಆಯಿಲ್ ತಡೆಯುವ ನೈಟ್ರೈಲ್ ಹೋಸನ್ನೇ ಕೊಳ್ಳಿ.

ಹಳೆಯ ಎಂಜಿನ್, ಕಾನೂನಿನ ತೊಡಕಿಲ್ಲ ಎಂದಾದರೆ ಮಾತ್ರ ಪೈಪ್. ಕ್ರ್ಯಾಂಕ್‌ಕೇಸ್ ಒತ್ತಡದ ಸೆನ್ಸರ್ ಇರುವ ಹೊಸ ಟ್ರಕ್ಕಿಗೆ ಎರಡೂ ಬೇಡ, ಕಂಪನಿಯ ಕ್ರ್ಯಾಂಕ್‌ಕೇಸ್ ಫಿಲ್ಟರನ್ನೇ ಬದಲಿಸಿ.