ಡಿಎಫ್11 ಮಾದರಿ ಎಂಜಿನ್: ಕೆಲವು ಮಳೆಗಾಲ ಕಳೆದ ಮೇಲೆ

ಈ ಪುಟಾಣಿ ರೈಲು ಎಂಜಿನ್ ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹಳಿ ಹಾಕಿ ಓಡಿಸುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ, ಗಾಜಿನ ಕಪಾಟಿನಲ್ಲಿಟ್ಟು ನೋಡುವ ಆಸೆಯಿದ್ದರೆ ಇನ್ನೊಮ್ಮೆ ಯೋಚಿಸಿ. ನನ್ನ ಬಳಿ ಇರುವುದು ಚೀನಾದ ಡಾಂಗ್‌ಫೆಂಗ್ 11 (ಚಿಕ್ಕದಾಗಿ ಡಿಎಫ್11) ಡೀಸೆಲ್ ಪ್ಯಾಸೆಂಜರ್ ಎಂಜಿನ್ನಿನ ಎಚ್‌ಒ ಮಾದರಿ. ಅಂದರೆ 1:87 ಪ್ರಮಾಣ, ಉದ್ದ ಸುಮಾರು 24 ಸೆಂಟಿಮೀಟರ್. ಮಂಗಳೂರಿನ ಮನೆಯ ಮಾಳಿಗೆಯಲ್ಲಿ ವರ್ಷಗಳಿಂದ ಓಡುತ್ತಿದೆ. ತಯಾರಕರ ಹೆಸರು ಬರೆಯುವುದಿಲ್ಲ. ಕೆಳಗಿನ ದೂರುಗಳಲ್ಲಿ ಕೆಲವು ನನ್ನ ಪೆಟ್ಟಿಗೆಗೆ ಮಾತ್ರ ಸೇರಿದ್ದಾಗಿರಬಹುದು.

ಅಸಲಿ ಎಂಜಿನ್ ಗೊತ್ತಿಲ್ಲದಿದ್ದರೆ ಮಾದರಿಯನ್ನು ಅಳೆಯುವುದು ಹೇಗೆ? ಡಿಎಫ್11 ಹುಟ್ಟಿದ್ದು 1992ರಲ್ಲಿ, ಜಿಯಾಂಗ್ಸು ಪ್ರಾಂತ್ಯದ ಚಾಂಗ್‌ಝೌ ನಗರದ ಚಿಶುಯಾನ್ ಕಾರ್ಖಾನೆಯಲ್ಲಿ. ಗ್ವಾಂಗ್‌ಝೌ–ಶೆನ್‌ಜೆನ್ ನಡುವಿನ 147 ಕಿ.ಮೀ. ಮಾರ್ಗದಲ್ಲಿ ಗಂಟೆಗೆ 160 ಕಿ.ಮೀ. ವೇಗದ ರೈಲು ಎಳೆಯಬೇಕು ಎಂಬುದೇ ಅದರ ಜನ್ಮಕಾರಣ. ಆ ಸೇವೆ 1994ರ ಡಿಸೆಂಬರಿನಲ್ಲಿ ಶುರುವಾಯಿತು. 1998ರಲ್ಲಿ ಅದೇ ಮಾರ್ಗಕ್ಕೆ ವಿದ್ಯುತ್ ತಂತಿ ಬಂತು. ಅಷ್ಟರಲ್ಲಿ 1997ರಿಂದ ಚೀನಾ ರೈಲ್ವೆ ದೇಶದುದ್ದಕ್ಕೂ ಹಂತಹಂತವಾಗಿ ವೇಗ ಹೆಚ್ಚಿಸಲು ಹೊರಟಿತ್ತು, ಹಾಗಾಗಿ ತಂತಿ ಇಲ್ಲದ ಮುಖ್ಯ ಮಾರ್ಗಗಳಲ್ಲಿ ಇದಕ್ಕೆ ಕೈತುಂಬ ಕೆಲಸ ಸಿಕ್ಕಿತು. ಅಲ್ಲಿನ ರೈಲುಪ್ರಿಯರು ಇದನ್ನು ‘ಸಿಂಹ’ ಎನ್ನುತ್ತಾರೆ. ಇದರ ತಮ್ಮ, ಎರಡು ಎಂಜಿನ್ ಜೋಡಿಸಿದ ಡಿಎಫ್11ಜಿ, ಪಾಪ, ‘ಹಂದಿ’ ಆಗಿಬಿಟ್ಟಿದೆ. ಮೂತಿ ನೋಡಿದರೆ ಹೆಸರಿಟ್ಟವರನ್ನು ಬೈಯುವ ಹಾಗಿಲ್ಲ.

ಮೂತಿಯ ವಿಷಯಕ್ಕೇ ಬರೋಣ. ಮಾದರಿ ಮಾಡಿದವರು ಅದನ್ನು ಚೆನ್ನಾಗಿ ಹಿಡಿದಿದ್ದಾರೆ. ಮುಂದಿನ ಗಾಜಿನ ಓರೆ, ಅದರ ಕೆಳಗೆ ಮೂಗು ತಿರುಗುವ ರೀತಿ ಸ್ವಲ್ಪ ತಪ್ಪಿದರೂ ಇಡೀ ಎಂಜಿನ್ ಬೇರೆ ಯಾವುದೋ ಆಗಿ ಕಾಣುತ್ತಿತ್ತು. ನೀಲಿ-ಬಿಳಿ ಬಣ್ಣಗಳು ಸೇರುವ ಗೆರೆ ಚಾಕುವಿನಿಂದ ಕುಯ್ದಷ್ಟು ಚೊಕ್ಕ. ಕ್ಯಾಬಿನ್ ಪಕ್ಕದಲ್ಲಿ ಯಾವ ರೈಲ್ವೆ ಬ್ಯೂರೋ, ಯಾವ ಶೆಡ್ ಎಂದು ಬರೆದ ಪುಟಾಣಿ ಚೀನೀ ಅಕ್ಷರಗಳು ಭೂತಗನ್ನಡಿ ಹಿಡಿದರೆ ಓದಲು ಬರುತ್ತವೆ.

ನಮ್ಮಂಥವರಿಗೆ ಇನ್ನೊಂದು ಸಮಾಧಾನವಿದೆ. ಭಾರತದ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರಬೇಕು. ಆದರೆ ಪೇಟೆಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಪಿ-4 ಡೀಸೆಲ್ ಎಂಜಿನ್ನಿನ ಮಾದರಿಯನ್ನು ಅದರ ಮೇಲೆ ನಿಲ್ಲಿಸಿ ಎದುರಿನಿಂದ ನೋಡಿ, ದೊಡ್ಡ ಮೈಗೆ ಕಿರಿದಾದ ಹಳಿ ಎದ್ದು ಕಾಣುತ್ತದೆ. ಚೀನಾದ್ದು 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್, ಲೆಕ್ಕ ಸರಿಯಾಗಿ 16.5ಕ್ಕೇ ಬಂದು ಕೂರುತ್ತದೆ. ಎದುರಿನಿಂದ ಫೋಟೋ ತೆಗೆಯುವವರಿಗೆ ಇದರ ಬೆಲೆ ಗೊತ್ತು.

ಇನ್ನು ಯಂತ್ರಭಾಗ. ನಡುವೆ ಮೋಟಾರ್, ಎರಡೂ ಕಡೆ ಫ್ಲೈವೀಲ್ (ಓಟ ಸರಾಗವಾಗಿಸುವ ಭಾರದ ಗಾಲಿ), ಅಸಲಿಯಲ್ಲಿರುವಂತೆಯೇ ಆರೂ ಆಕ್ಸಲ್‌ಗಳಿಗೆ ಚಾಲನೆ. ಚಕ್ರಕ್ಕೆ ರಬ್ಬರ್ ಪಟ್ಟಿ ಇಲ್ಲ, ಎಳೆಯುವ ಶಕ್ತಿ ಬರುವುದು ಒಳಗಿನ ಲೋಹದ ತೂಕದಿಂದ. ಕರಾವಳಿಯಲ್ಲಿರುವವರಿಗೆ ಇದು ದೊಡ್ಡ ಲಾಭ. ನನ್ನ ಹಳೆಯ ಯುರೋಪಿಯನ್ ಎಂಜಿನ್ನಿನ ರಬ್ಬರ್ ಪಟ್ಟಿಗಳು ಇಲ್ಲಿನ ಹವೆಗೆ ಗಟ್ಟಿಯಾಗಿ ಸೀಳಿಹೋದವು. ಇದರಲ್ಲಿ ಆ ರಗಳೆಯೇ ಇಲ್ಲ. ಮಳೆಗಾಲದಲ್ಲಿ ಹಳಿ ಕಪ್ಪಾಗುವುದು, ಚಕ್ರಕ್ಕೆ ಮಸಿ ಹಿಡಿಯುವುದು ತಪ್ಪಿದ್ದಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಮತ್ತೆ ಹಳೆಯ ಲಹರಿ. ಗೇರ್ ಪೆಟ್ಟಿಗೆಗೆ ಕಾರ್ಖಾನೆಯಲ್ಲಿ ತುಂಬಿದ್ದ ಗ್ರೀಸ್ ಮಾತ್ರ ಕ್ರಮೇಣ ಮೇಣದಂತಾಗಿ, ನಿಧಾನ ವೇಗದಲ್ಲಿ ಎಂಜಿನ್ ಮುಗ್ಗರಿಸತೊಡಗಿತು. ಅದನ್ನೆಲ್ಲ ತೊಳೆದು ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಗ್ರೀಸ್ ತುಸುವೇ ಹಾಕಿದ ಮೇಲೆ, ಪ್ಲಾಟ್‌ಫಾರ್ಮಿಗೆ ಬರುವಾಗ ನಿಂತಿದೆಯೋ ಚಲಿಸುತ್ತಿದೆಯೋ ಎನ್ನುವಷ್ಟು ಮೆಲ್ಲಗೆ ತೆವಳುತ್ತದೆ. ಗೇರ್ ಒಂದೂ ಸೀಳಿಲ್ಲ.

ಸಿಟ್ಟು ಬರುವುದು ಬಿಡಿಭಾಗಗಳ ಮೇಲೆ. ಬಾಗಿಲ ಪಕ್ಕದ ಹಿಡಿಕೆಗಳು ಕೂದಲೆಳೆ ಪ್ಲಾಸ್ಟಿಕ್; ಎರಡು ಮುರಿದವು, ಚಾವಣಿಯ ಹಾರ್ನ್ ಎಲ್ಲಿ ಬಿತ್ತೋ ದೇವರೇ ಬಲ್ಲ. ಹಿಡಿಕೆಗಳನ್ನು ಹಿತ್ತಾಳೆ ತಂತಿ ಬಗ್ಗಿಸಿ ನಾನೇ ಮಾಡಿಕೊಂಡೆ. ಹೆಡ್‌ಲೈಟಿನ ಎಲ್‌ಇಡಿ ಮೊಬೈಲ್ ಟಾರ್ಚಿನಂತೆ ನೀಲಿ ಬಿಳುಪು, ತೊಂಬತ್ತರ ದಶಕದ ಎಂಜಿನ್ನಿಗೆ ಅದು ಒಪ್ಪುವುದಿಲ್ಲ. ದೀಪದ ಮೇಲೆ ತೆಳುವಾಗಿ ಪಾರದರ್ಶಕ ಹಳದಿ ಬಣ್ಣ ಸವರಿದರೆ ಸಾಕು, ಸರಿಹೋಗುತ್ತದೆ.

ಎಂಜಿನ್ ಸದ್ದನ್ನೂ ಹೊರಡಿಸುವ ಡಿಕೋಡರ್ (ಹಳಿಯಿಂದ ಬರುವ ಆದೇಶ ಓದಿ ಎಂಜಿನ್ ನಡೆಸುವ ಪುಟ್ಟ ಸರ್ಕ್ಯೂಟ್) ಇರುವ ಆವೃತ್ತಿಗೆ ಹೆಚ್ಚು ದುಡ್ಡು ಕೊಡಬೇಕೇ? ನನ್ನ ಅನಿಸಿಕೆ, ಬೇಡ. ಅಸಲಿಯ ಹೃದಯ 16 ಸಿಲಿಂಡರಿನ, ಸಿಲಿಂಡರಿಗೆ 280 ಮಿ.ಮೀ. ವ್ಯಾಸದ ಫೋರ್‌ಸ್ಟ್ರೋಕ್ ಎಂಜಿನ್. ಅದರ ಗುಡುಗು ಬೆರಳುಗುರಿನಷ್ಟು ಸ್ಪೀಕರಿನಿಂದ ಹೊರಟಾಗ ಟರ್ಬೊ ಸಿಳ್ಳೆ ಒಂದೇ ಕಿವಿಗೆ ಬೀಳುತ್ತದೆ, ಎದೆಗೆ ತಾಗಬೇಕಾದ ತಗ್ಗು ದನಿ ನಾಪತ್ತೆ. ನಮ್ಮ ರೈಲ್ವೆಯ ಹಳೆಯ ಆಲ್ಕೊ ಡೀಸೆಲ್ ಎಂಜಿನ್ ಕೇಳಿ ಬೆಳೆದ ಕಿವಿ ಇದಕ್ಕೆ ಮೋಸ ಹೋಗುವುದಿಲ್ಲ. ಸದ್ದಿಲ್ಲದ ಸಾಮಾನ್ಯ ಡಿಸಿಸಿ (ಡಿಜಿಟಲ್ ನಿಯಂತ್ರಣದ) ಡಿಕೋಡರ್ ಹಾಕಿ, ಉಳಿದ ದುಡ್ಡಿಗೆ ರೈಲು ಡಬ್ಬಿ ಕೊಳ್ಳಿ.

ಯಾಕೆಂದರೆ ಒಂಟಿಯಾಗಿ ನಿಂತಾಗ ಇದು ಸಾಧಾರಣ, ಹಿಂದೆ ರೈಲು ಕಟ್ಟಿದರೆ ಚೆಲುವೆ. ಆದರೆ ಜಾಗ ಬೇಕು. ಚೀನಾದ 25 ಸರಣಿಯ ಡಬ್ಬಿ 25.5 ಮೀಟರ್, ಮಾದರಿಯಲ್ಲಿ 29 ಸೆಂ.ಮೀ. ದಾಟುತ್ತದೆ. 18 ಡಬ್ಬಿಯ ಪೂರ್ತಿ ರೈಲು ಕಟ್ಟಿದರೆ ಡಬ್ಬಿಗಳೇ ಐದು ಮೀಟರಿಗೂ ಹೆಚ್ಚು! ನಾನು ಐದಾರರಲ್ಲಿ ತೃಪ್ತಿಪಟ್ಟಿದ್ದೇನೆ. 46 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಅಷ್ಟುದ್ದದ ಡಬ್ಬಿಯ ಮೂಲೆ ಹಳಿಯಾಚೆ ಚಾಚಿ ಅಸಹ್ಯ ಕಾಣುತ್ತದೆ, 61 ಆದರೂ ಇರಲಿ. ವೇಗದ ಬಗ್ಗೆಯೂ ಒಂದು ಮಾತು: 160 ಕಿ.ಮೀ. ವೇಗ ಈ ಪ್ರಮಾಣದಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಮಾತ್ರ. ಮಾದರಿ ಅದಕ್ಕಿಂತ ಎಷ್ಟೋ ಜೋರಾಗಿ ಓಡಬಲ್ಲದು. ಡಿಕೋಡರಿನಲ್ಲಿ ಗರಿಷ್ಠ ವೇಗಕ್ಕೆ ಕಡಿವಾಣ ಹಾಕದಿದ್ದರೆ ಮನೆಗೆ ಬಂದ ಮಕ್ಕಳು ಅದನ್ನು ಬುಲೆಟ್ ರೈಲು ಮಾಡಿಬಿಡುತ್ತಾರೆ.

ಡಬ್ಬಿ ಆರಿಸುವಾಗ ಒಂದು ಗಮನಿಸಿ. ಅಸಲಿ ಡಿಎಫ್11 ಡಬ್ಬಿಗಳಿಗೆ ಕರೆಂಟ್ ಕೊಡುವುದಿಲ್ಲ, ಆ ಅನುಕೂಲ ಬಂದದ್ದು ಡಿಎಫ್11ಜಿಯಲ್ಲಿ. ಆದ್ದರಿಂದ ಹವಾನಿಯಂತ್ರಿತ 25ಕೆ ಡಬ್ಬಿಗಳನ್ನು ಕಟ್ಟುವುದಾದರೆ ಜೊತೆಗೆ ಜನರೇಟರ್ ಡಬ್ಬಿಯೂ ಇರಲೇಬೇಕು, ಇಲ್ಲದಿದ್ದರೆ ತಿಳಿದವರು ನಗುತ್ತಾರೆ. ಬಿಡಿಯಾಗಿ ಅದನ್ನು ಹುಡುಕಿ ನಾನು ಸುಸ್ತಾಗಿದ್ದೇನೆ. ಸೆಟ್ ಕೊಳ್ಳುವಾಗಲೇ ಅದು ಸೇರಿದೆಯೇ ಎಂದು ಅಂಗಡಿಯವರಿಂದ ಫೋಟೋ ತರಿಸಿ ನೋಡಿ, ಹಾಗೆಯೇ ಹಿಡಿಕೆ-ಹಾರ್ನ್‌ಗಳ ಬಿಡಿ ಪೊಟ್ಟಣ ಇದೆಯೇ ಎಂದೂ ಕೇಳಿ.